ದೋಟಿ ಎತ್ತಬಾರದ ಹುಣಸೆ ಮರ

ಈ ವರ್ಷವೂ ನಮ್ಮ ಹುಣಸೆ ಮರವನ್ನು ಯಾರೂ ಗುತ್ತಿಗೆಗೆ ಹಿಡಿಯಲಿಲ್ಲ. ಚಿಂತಾಮಣಿ ಕಡೆಯ ವ್ಯಾಪಾರಿಯೊಬ್ಬ ಬಂದಿದ್ದ. ಮರಕ್ಕೆ ಒಂದು ಸುತ್ತು ಬಂದ, ಕೈಗೆಟಕಿದ ಕೊಂಬೆ ಬಗ್ಗಿಸಿ ಕಾಯಿ ಮುರಿದು ನೋಡಿದ, ಬಾಯಿಗೂ ಹಾಕಿಕೊಂಡ. ಆಮೇಲೆ ಕತ್ತೆತ್ತಿ ರೈಲು ಹಳಿಯ ಮೇಲಿನ ವಿದ್ಯುತ್ ತಂತಿಯ ಕಡೆ ನೋಡಿದ. “ಅಣ್ಣಾ, ಕಾಯಿ ಚೆನ್ನಾಗಿ ಹಿಡಿದಿದೆ. ಆದರೆ ಆ ಪಕ್ಕದಲ್ಲಿ ದೋಟಿ ಎತ್ತುವುದಕ್ಕೆ ನಮ್ಮ ಹುಡುಗರು ಒಪ್ಪುವುದಿಲ್ಲ” ಎಂದು ಹೇಳಿ, ಅಮ್ಮ ಕೊಟ್ಟ ಮಜ್ಜಿಗೆ ಕುಡಿದು ಹೊರಟುಹೋದ.

ಅವನ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಮಗನನ್ನೂ ನಾನು ಆ ಪಕ್ಕಕ್ಕೆ ದೋಟಿ ಹಿಡಿದು ಹತ್ತಿಸುವುದಿಲ್ಲ.

ನಮ್ಮೂರು ಇರುವುದು ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ನಡುವೆ. ಎರಡು ಎಕರೆ ಹಿಪ್ಪುನೇರಳೆ ತೋಟ, ಒಂದು ಹುಳುಮನೆ, ಕೊಳವೆಬಾವಿ, ತೋಟದ ಅಂಚಿಗೆ ರೈಲ್ವೆಯ ಗಡಿಕಲ್ಲು. ಆ ಕಲ್ಲಿನಿಂದ ಈಚೆಗೆ, ನಮ್ಮ ಪಹಣಿಯ ಜಮೀನಿನಲ್ಲಿಯೇ, ತಾತನ ಕಾಲದ ಹುಣಸೆ ಮರವಿದೆ. ಆದರೆ ಕೊಂಬೆಗಳಿಗೆ ಪಹಣಿ ಓದಲು ಬರುವುದಿಲ್ಲ. ಅರ್ಧ ಮರ ನಮ್ಮ ಕಡೆಗೆ, ಅರ್ಧ ಮರ ಹಳಿಯ ಕಡೆಗೆ ಬಾಗಿತ್ತು.

ಅಮ್ಮ ಈ ಮನೆಗೆ ಸೊಸೆಯಾಗಿ ಬಂದಾಗ ಇಲ್ಲಿ ಓಡುತ್ತಿದ್ದದ್ದು ಸಣ್ಣ ರೈಲು. ಹಳಿಯ ಅಗಲ ಎರಡೂವರೆ ಅಡಿ, ಲೆಕ್ಕದಲ್ಲಿ 762 ಮಿಲಿಮೀಟರ್. ಯಲಹಂಕದಿಂದ ಬಂಗಾರಪೇಟೆಯವರೆಗೆ ಅದೇ ಗಾಡಿ. ಹುಣಸೆ ಚಿಗುರಿನ ಕಾಲದಲ್ಲಿ ಗಾರ್ಡು ಕೈಚಾಚಿ ಒಂದು ಹಿಡಿ ಚಿಗುರು ಕಿತ್ತುಕೊಳ್ಳುತ್ತಿದ್ದ ಎಂದು ಅಮ್ಮ ಹೇಳುತ್ತಾಳೆ. ಗಾಡಿ ಅಷ್ಟು ನಿಧಾನವಾಗಿತ್ತೋ, ಕೊಂಬೆ ಅಷ್ಟು ಹತ್ತಿರವಾಗಿತ್ತೋ, ಅಥವಾ ಅಮ್ಮ ಕಥೆಗೆ ಸ್ವಲ್ಪ ಒಗ್ಗರಣೆ ಹಾಕುತ್ತಾಳೋ. ಆಮೇಲೆ ಸಣ್ಣ ಗಾಡಿ ನಿಂತಿತು. ಚಿಕ್ಕಬಳ್ಳಾಪುರದಿಂದ ಕೋಲಾರದವರೆಗೆ ದೊಡ್ಡ ಹಳಿ ಪೂರ್ತಿಯಾಗಿ ಬಂದದ್ದು 2013ರಲ್ಲಿ. ಅದರ ಮೇಲೆ ಡೀಸೆಲ್ ಗಾಡಿ ಹೊಗೆ ಬಿಡುತ್ತಾ ಬಂತು. ನಾವು ಸಂತೋಷಪಟ್ಟೆವು. ಆಗ ಮರಕ್ಕೆ ಏನೂ ಆಗಲಿಲ್ಲ.

ರೈಲಿಗೆ ವಿದ್ಯುತ್ ತಂತಿ ಎಳೆಯಲು ಕಂಬಗಳ ಕೆಲಸ ಶುರುವಾದ ವರ್ಷದ್ದೇ ಬೇರೆ ಕಥೆ.

ಮೊದಲು ಒಬ್ಬ ಬಂದು ಹಳಿಯ ಪಕ್ಕದಲ್ಲಿ ಸುಣ್ಣದಿಂದ ಗುರುತು ಹಾಕಿಕೊಂಡು ಹೋದ. ಕೆಲವು ವಾರ ಯಾರೂ ಬರಲಿಲ್ಲ. ಗುರುತನ್ನು ಮಳೆ ತೊಳೆದುಹಾಕಿತು. ಇನ್ನೊಬ್ಬ ಬಂದು ಮತ್ತೆ ಹಾಕಿದ. ನಂತರ ಗುಂಡಿ ತೋಡುವ ಯಂತ್ರ, ಕಾಂಕ್ರೀಟ್ ಕಲಸುವ ಗಾಡಿ, ಜಲ್ಲಿ ತರುವ ಟಿಪ್ಪರ್ ಎಲ್ಲವೂ ಒಟ್ಟಿಗೆ ಬಂದವು. ಅವಕ್ಕೆ ಇದ್ದದ್ದು ಒಂದೇ ದಾರಿ: ನಮ್ಮ ತೋಟದ ಪಕ್ಕದ ಬಂಡಿ ಜಾಡು. ಎತ್ತಿನ ಗಾಡಿ ಮತ್ತು ಒಂದೆರಡು ಟ್ರಾಕ್ಟರ್ ಕಂಡ ಆ ಜಾಡು ಹತ್ತೇ ದಿನದಲ್ಲಿ ಮೊಣಕಾಲುದ್ದ ಹುಡಿಯಾಯಿತು. ಟಿಪ್ಪರ್ ಒಮ್ಮೆ ಹೋದರೆ ಸಾಕು, ಕೆಂಪು ದೂಳು ಎದ್ದು ಬಂದು ಸೊಪ್ಪಿನ ಮೇಲೆ ಕೂರುತ್ತಿತ್ತು.

ರೇಷ್ಮೆ ಹುಳು ಸಾಕದವರಿಗೆ ಇದು ದೊಡ್ಡ ವಿಷಯ ಅನ್ನಿಸಲಿಕ್ಕಿಲ್ಲ. ದೂಳು ತಾನೇ, ತೊಳೆದರಾಯಿತು ಎನ್ನಬಹುದು. ಹಾಗೆಂದು ಒಬ್ಬ ಸೂಪರ್‌ವೈಸರ್ ನನಗೆ ಹೇಳಿಯೂ ಹೇಳಿದ. ಹುಳುವಿಗೆ ಒದ್ದೆ ಸೊಪ್ಪು ಹಾಕುವಂತಿಲ್ಲ. ಹಾಕಿದರೆ ಹಾಸಿಗೆಯಲ್ಲಿ ಶೀತ ನಿಂತು ಸಪ್ಪೆ ರೋಗ ತಗಲುತ್ತದೆ. ತೊಳೆದು, ನೆರಳಿನಲ್ಲಿ ಆರಿಸಿ, ಬಾಡುವ ಮುಂಚೆ ಹಾಕಬೇಕು. ಎರಡು ಹಿಡಿ ಸೊಪ್ಪಾದರೆ ಮಾಡಬಹುದು. ನಮ್ಮ ಹುಳು ಆಗ ನಾಲ್ಕನೆಯ ಜ್ವರ ಎದ್ದಿತ್ತು. ಜ್ವರ ಎಂದರೆ ಕಾಯಿಲೆಯಲ್ಲ, ಹುಳು ತಿನ್ನುವುದನ್ನು ಬಿಟ್ಟು ತಲೆಯೆತ್ತಿ ಮಲಗಿ ಪೊರೆ ಬಿಡುವ ಹೊತ್ತು. ನಾಲ್ಕನೆಯದು ಎದ್ದ ಮೇಲೆ ಅದಕ್ಕೆ ರಾಕ್ಷಸ ಹಸಿವು. ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಶೇಕಡ 80ಕ್ಕಿಂತ ಹೆಚ್ಚನ್ನು ಆ ಒಂದು ವಾರದಲ್ಲಿಯೇ ತಿನ್ನುತ್ತದೆ. ರಾತ್ರಿ ಹುಳುಮನೆಯ ಬಾಗಿಲಲ್ಲಿ ನಿಂತರೆ ಹೆಂಚಿನ ಮೇಲೆ ಮಳೆ ಬಿದ್ದಂತೆ ಸದ್ದು ಕೇಳಬೇಕು. ಆ ಸಲ ಆ ಸದ್ದು ಕೇಳಲಿಲ್ಲ. ದೂಳು ಹಿಡಿದ ಸೊಪ್ಪಿನ ಅಂಚನ್ನು ಮೂಸಿ ನೋಡಿ ಹುಳು ಸುಮ್ಮನೆ ತಲೆ ಅಲ್ಲಾಡಿಸುತ್ತಿತ್ತು. ಜಾಡಿನ ಪಕ್ಕದ ಹತ್ತು ಸಾಲು ಬಿಟ್ಟು ಒಳಗಿನ ಸೊಪ್ಪನ್ನಷ್ಟೇ ಕೊಯ್ದೆವು. ಸಾಲದೆ ಪಕ್ಕದ ಊರಿನಲ್ಲಿ ಸೊಪ್ಪು ಕೊಂಡು ತಂದೆವು. 200 ಮೊಟ್ಟೆಯ ಬೆಳೆ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಇಡೀ ಗುಂಪಿಗೆ ನಾವು ಒಂದು ಮೊಟ್ಟೆ ಎನ್ನುತ್ತೇವೆ), 140 ಕಿಲೋ ಗೂಡಿನ ಮೇಲೆ ಆಸೆ ಇಟ್ಟುಕೊಂಡಿದ್ದೆ. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯಿಂದ ಬಿಡಿಸಿದಾಗ ಆದದ್ದು 90 ಕಿಲೋ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ನೂಲು ತೆಗೆಯುವ ರೀಲರ್ ಒಬ್ಬರು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಬೆರಳಲ್ಲಿ ಒತ್ತಿ, ಏನೂ ಹೇಳದೆ ಮುಂದಿನ ಲಾಟಿಗೆ ಹೋದರು. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಅಮ್ಮ ಮಾತ್ರ ನನ್ನ ಹಾಗೆ ಹಲ್ಲು ಕಡಿಯುತ್ತಾ ಕೂರಲಿಲ್ಲ. ನಮ್ಮ ಕಡೆ ಅರ್ಧ ಊರಿಗೆ ಹೊಸ್ತಿಲೊಳಗೆ ತೆಲುಗು, ಹೊಸ್ತಿಲಾಚೆ ಕನ್ನಡ. ಕೆಲಸದವರ ಮೇಸ್ತ್ರಿ ಅನಂತಪುರದ ಕಡೆಯವನು. ಅಮ್ಮ ಅವನನ್ನು ಕರೆದು ತೆಲುಗಿನಲ್ಲಿ ಅರ್ಧ ಗಂಟೆ ಮಾತನಾಡಿದಳು. ಅವನ ಹೆಂಡತಿಗೆ ಎಷ್ಟು ಮಕ್ಕಳು ಎಂಬಲ್ಲಿಂದ ಶುರುವಾಗಿ ನಮ್ಮ ಹುಳುವಿನಲ್ಲಿ ಮುಗಿಯಿತು. ಮಾರನೆಯ ದಿನದಿಂದ ಬೆಳಿಗ್ಗೆ ಎರಡು ಟ್ಯಾಂಕರ್ ನೀರು ಜಾಡಿಗೆ ಬೀಳತೊಡಗಿತು. ನಾನು ಬರೆದುಕೊಟ್ಟ ಅರ್ಜಿಗೆ ಇವತ್ತಿನವರೆಗೂ ಉತ್ತರವಿಲ್ಲ.

ಆ ಟ್ಯಾಂಕರ್ ನೀರಿನ ಋಣಕ್ಕೋ ಏನೋ, ಮರದ ವಿಷಯದಲ್ಲಿ ನಾವು ಮೈಮರೆತೆವು.

ಜನವರಿಯ ಕೊನೆ. ಕಾಯಿ ಇನ್ನೂ ದೋರೆ, ಸಿಪ್ಪೆ ಹಣ್ಣಿಗೆ ಅಂಟಿಕೊಂಡೇ ಇತ್ತು. ಇನ್ನೊಂದು ತಿಂಗಳಿಗೆ ಬಡಿಯಬಹುದು ಎಂದು ಏಳು ಸಾವಿರಕ್ಕೆ ಗುತ್ತಿಗೆ ಆಗಿ, ಮೂರು ಸಾವಿರ ಮುಂಗಡ ಕೈಗೆ ಬಂದು, ಅದು ಖರ್ಚೂ ಆಗಿತ್ತು. ನಾವು ಗೂಡಿನ ಮಾರುಕಟ್ಟೆಗೆ ಹೋಗಿದ್ದ ದಿನ ಬೇರೊಂದು ತಂಡ ಬಂದಿದೆ. ಮೇಸ್ತ್ರಿಯ ಜನವಲ್ಲ, ಮರ ಕಡಿಯುವುದಕ್ಕೆಂದೇ ಇನ್ನೊಬ್ಬ ಗುತ್ತಿಗೆದಾರ ಕಳಿಸಿದವರು. ಸಂಜೆ ಬಂದು ನೋಡಿದರೆ ಹಳಿಯ ಕಡೆಯ ಮೂರು ದೊಡ್ಡ ಕೊಂಬೆಗಳು ನೆಲದಲ್ಲಿದ್ದವು. ಬುಡದಲ್ಲಿ ನನ್ನ ಎರಡು ತೋಳಿಗೂ ಸಿಗದಷ್ಟು ದಪ್ಪದ ಕೊಂಬೆ. ಯಂತ್ರದ ಗರಗಸದಲ್ಲಿ ಕೊಯ್ದದ್ದು, ಕತ್ತರಿಸಿದ ಮುಖ ನುಣ್ಣಗೆ, ನಡುವೆ ಕಪ್ಪು ತಿರುಳು, ಸುತ್ತ ತಿಳಿ ಹಳದಿ. ಕಾಯಿ ತುಂಬಿದ ಗೊಂಚಲುಗಳು ಜಲ್ಲಿಯ ಮೇಲೆ ಚೆಲ್ಲಿದ್ದವು. ಆಳು ಮಕ್ಕಳು ಆರಿಸಿಕೊಳ್ಳುತ್ತಿದ್ದರು. ಅಮ್ಮನೂ ಸೆರಗು ಕಟ್ಟಿಕೊಂಡು ಅವರ ಜೊತೆ ಆರಿಸಲು ಕುಳಿತಳು. “ನೀನು ನೋಡಿಕೊಂಡು ನಿಂತರೆ ಅದು ಮತ್ತೆ ಮರಕ್ಕೆ ಹತ್ತುತ್ತದೆಯೇ? ಬಾ, ಒಂದು ಗೋಣಿ ತೆಗೆದುಕೊಂಡು ಬಾ” ಎಂದಳು.

ನಾನು ಮುಂಗಡದ ಮೂರು ಸಾವಿರ ವಾಪಸು ಕೊಟ್ಟೆ. ಪರಿಹಾರಕ್ಕೆ ಎಂದು ಮೂರು ಕಡೆ ಓಡಾಡಿದೆ. ಮರ ಎಲ್ಲಿದೆ ಎಂದು ಒಂದು ಕಡೆ ಕೇಳಿದರು, ಕೊಂಬೆ ಎಲ್ಲಿತ್ತು ಎಂದು ಇನ್ನೊಂದು ಕಡೆ ಕೇಳಿದರು. ಮರ ನಿಮ್ಮದೇ, ಕೊಂಬೆ ಮಾತ್ರ ಅಪಾಯದ ಜಾಗದಲ್ಲಿತ್ತು ಎಂದು ಮೂರನೆಯ ಕಡೆ ವಿವರಿಸಿದರು. ವಿವರಣೆ ಸರಿಯಾಗಿಯೇ ಇತ್ತು. ನನ್ನ ದೂರು ಕಡಿದದ್ದರ ಬಗ್ಗೆ ಅಲ್ಲ, ಒಂದು ತಿಂಗಳು ಮುಂಚೆ ಹೇಳಿದ್ದರೆ ಏನು ಹೋಗುತ್ತಿತ್ತು ಎಂಬುದಷ್ಟೇ. ಅದನ್ನು ಬರೆದುಕೊಳ್ಳುವ ಕಾಲಂ ಯಾವ ಅರ್ಜಿಯಲ್ಲೂ ಇರಲಿಲ್ಲ.

ಕಂಬ ನಿಂತವು, ತೋಳು ಜೋಡಿಸಿದರು, ಹಳಿಯ ಮೇಲೆಯೇ ಓಡುವ ಒಂದು ಗಾಡಿಯ ನೆತ್ತಿಯ ಮೇಲೆ ನಿಂತು ತಂತಿ ಎಳೆದರು. ಇದನ್ನು ನೋಡುವುದರಲ್ಲಿ ನನಗೆ ನಿಜವಾಗಿಯೂ ಖುಷಿ ಇತ್ತು, ಸುಳ್ಳೇಕೆ ಹೇಳಲಿ. ತಂತಿ ನೆಟ್ಟಗೆ ಹೋಗುವುದಿಲ್ಲ ಎಂದು ಗೊತ್ತಾದದ್ದು ಆಗಲೇ. ಹಳಿಯ ನಡುಗೆರೆಯಿಂದ ಒಂದು ಕಂಬದ ಬಳಿ ಒಂದು ಗೇಣು ಎಡಕ್ಕೆ, ಮುಂದಿನ ಕಂಬದ ಬಳಿ ಒಂದು ಗೇಣು ಬಲಕ್ಕೆ, ಹಾವು ಹೋದ ಹಾಗೆ ಹೋಗುತ್ತದೆ. ಕಣ್ಣಳತೆ ತಪ್ಪಿದ್ದಾರೆ ಎಂದುಕೊಂಡು ಮೇಸ್ತ್ರಿಯನ್ನು ಕೇಳಿದೆ. ಅವನು ಅಂಗೈಯನ್ನು ಇನ್ನೊಂದು ಕೈಯ ತೋರುಬೆರಳಿನ ಮೇಲೆ ಆ ಕಡೆ ಈ ಕಡೆ ಉಜ್ಜಿ ತೋರಿಸಿದ: ಇಂಜಿನ್ನಿನ ತಲೆಯ ಮೇಲಿನ ಪಟ್ಟಿ ಒಂದೇ ಜಾಗದಲ್ಲಿ ಉಜ್ಜಿದರೆ ಗರಗಸ ಹಾಕಿದಂತೆ ಸವೆಯುತ್ತದೆ, ಹೀಗೆ ಅಡ್ಡಾಡಿದರೆ ಸಮನಾಗಿ ಸವೆಯುತ್ತದೆ. ಬಾವಿ ಗಡಗಡೆಯ ಮೇಲೆ ಹಗ್ಗ ಒಂದೇ ಗೀರಿನಲ್ಲಿ ಓಡಿ ಓಡಿ ಹಳ್ಳ ಮಾಡುತ್ತಿದ್ದದ್ದು ನೆನಪಾಯಿತು.

ಒಂದು ದಿನ ಪತ್ರಿಕೆಯಲ್ಲಿ ಪ್ರಕಟಣೆ ಬಂತು. ಇಂಥ ದಿನಾಂಕದಿಂದ ತಂತಿಯಲ್ಲಿ 25,000 ವೋಲ್ಟ್ ವಿದ್ಯುತ್ ಹರಿಯುತ್ತದೆ, ಅಂದಿನಿಂದ ಎಲ್ಲ ಹೊತ್ತಿನಲ್ಲಿಯೂ ಅದನ್ನು ಜೀವಂತ ತಂತಿ ಎಂದೇ ತಿಳಿಯತಕ್ಕದ್ದು, ಸಮೀಪಕ್ಕೆ ಹೋಗತಕ್ಕದ್ದಲ್ಲ. ರೈಲ್ವೆ ಗೇಟಿನ ಬಳಿಯೂ ಹಚ್ಚಿದರು. ಮುಟ್ಟಬೇಕಾಗಿಲ್ಲ, ಎರಡು ಮೀಟರ್ ಒಳಗೆ ಬಂದರೂ ಅಪಾಯ ಎಂದು ಒಬ್ಬರು ಶಾಲೆಯಲ್ಲಿ ಮಕ್ಕಳಿಗೆ ತಿಳಿಸಿ ಹೋದರು. ನಮ್ಮ ದೋಟಿ ಹದಿನೆಂಟು ಅಡಿ ಬಿದಿರು, ತುದಿಗೆ ಕಬ್ಬಿಣದ ಕೊಕ್ಕೆ. ಮರದ ನಡುಗವಲಿನಲ್ಲಿ ನಿಂತು ಹಳಿಯ ಕಡೆ ಚಾಚಿದರೆ ಲೆಕ್ಕ ತಾನಾಗಿಯೇ ಆಗುತ್ತದೆ. ನಾನು ಅಂದೇ ದೋಟಿಯ ತುದಿಯ ಆರು ಅಡಿ ಕತ್ತರಿಸಿ ಹಾಕಿದೆ. ಈಗ ಅದು ನಮ್ಮ ಕಡೆಯ ಕಾಯಿಗೂ ಸರಿಯಾಗಿ ಎಟಕುವುದಿಲ್ಲ.

ಇಲ್ಲಿ ಒಂದು ಮಾತು. ನಮ್ಮ ಮನೆಗೆ ಬರುವುದು 230 ವೋಲ್ಟು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ದಿನಕ್ಕೆ ಏಳು ಗಂಟೆ, ಅದೂ ಹಗಲು ಒಂದಿಷ್ಟು, ರಾತ್ರಿ ಒಂದಿಷ್ಟು. ಹಳಿಗೆ ಅಡ್ಡ ಹೋಗುತ್ತಿದ್ದ ನಮ್ಮೂರಿನ ವಿದ್ಯುತ್ ತಂತಿಯನ್ನು ನೆಲದೊಳಗಿನ ಕೇಬಲ್ ಮಾಡಲು ಮೂರು ದಿನ ಅದೂ ಇರಲಿಲ್ಲ. ಅಮ್ಮ ಬುಡ್ಡಿ ದೀಪ ಹುಡುಕುತ್ತಾ, “ನಮ್ಮ ಮಾವನವರ ತಂದೆ ಹೇಳುತ್ತಿದ್ದರಂತೆ” ಎಂದು ಶುರುಮಾಡಿದಳು. ಅವರು ಚಾಂಪಿಯನ್ ರೀಫ್ ಗಣಿಯಲ್ಲಿ ಕೂಲಿಗಿದ್ದವರು. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಬಂದದ್ದು 1902ರಲ್ಲಿ, ಬೆಂಗಳೂರಿಗಿಂತಲೂ ಮೊದಲು. ಸುಮಾರು 147 ಕಿಲೋಮೀಟರ್ ತಂತಿ. ದಾರಿಯುದ್ದಕ್ಕೂ ಇದ್ದ ಹಳ್ಳಿಗಳ ತಲೆಯ ಮೇಲೆ ಹಾದುಹೋಯಿತು, ಒಂದು ಹಳ್ಳಿಯಲ್ಲಿಯೂ ದೀಪ ಹೊತ್ತಲಿಲ್ಲ. ಗಣಿಯೊಳಗೆ ಬೆಳಕು ನೋಡಿದ ಆ ಮುತ್ತಾತ ಊರಿಗೆ ಬಂದು ಹರಳೆಣ್ಣೆ ದೀಪದಲ್ಲಿ ಊಟ ಮಾಡುತ್ತಿದ್ದರು. ನಮ್ಮ ಮನೆಗೆ ಕರೆಂಟು ಬಂದದ್ದು 1978ರಲ್ಲಿ. ಈಗ ಮತ್ತೊಂದು ತಂತಿ ತೋಟದ ಅಂಚಿನಲ್ಲಿಯೇ ಹಾದುಹೋಗಿದೆ, ನಮ್ಮ ಮೋಟರಿಗೆ ಅದರಿಂದ ಒಂದು ಸುತ್ತೂ ಇಲ್ಲ. ಇರಬಾರದು ಎಂಬುದು ನನಗೆ ಗೊತ್ತು. ಅದು ಬೇರೆ ವ್ಯವಸ್ಥೆ, ಬೇರೆ ಲೆಕ್ಕ. ಆದರೂ ರಾತ್ರಿ ಎರಡು ಗಂಟೆಗೆ ಮೋಟರ್ ಹಾಕಲು ಬ್ಯಾಟರಿ ಹಿಡಿದು ಹೋಗುವಾಗ ಕತ್ತೆತ್ತಿ ಅದನ್ನೊಮ್ಮೆ ನೋಡದೆ ಇರಲು ಆಗುವುದಿಲ್ಲ.

ಪಲ್ಲಕ್ಕಿಯ ವಿಷಯ ಹೇಳಲೇಬೇಕು. ನಮ್ಮ ಕಡೆ ಜಾತ್ರೆಗೆ ಹೂವಿನ ಪಲ್ಲಕ್ಕಿ ಕಟ್ಟುವುದು ಎಂದರೆ ಊರಿನ ಮಾನದ ಪ್ರಶ್ನೆ. ಟ್ರಾಕ್ಟರಿನ ಮೇಲೆ ಬೊಂಬಿನ ಚೌಕಟ್ಟು, ಅದಕ್ಕೆ ಹೂವು, ದೀಪ, ಮೇಲೆ ಗೋಪುರ. ಹೆಚ್ಚು ಎತ್ತರದ್ದು ಯಾವ ಊರಿನದು ಎಂಬ ಪೈಪೋಟಿ ಬೇರೆ. ಗೇಟಿನ ಎರಡೂ ಕಡೆ ಈಗ ಕಬ್ಬಿಣದ ಚೌಕಟ್ಟು ನಿಲ್ಲಿಸಿದ್ದಾರೆ. ಎತ್ತರ 4.67 ಮೀಟರ್, ಎಂದರೆ 15 ಅಡಿ 4 ಅಂಗುಲ. ಅದರ ಕೆಳಗೆ ನುಸುಳದ್ದು ಹಳಿ ದಾಟುವಂತಿಲ್ಲ. ಹುಲ್ಲಿನ ಟ್ರಾಕ್ಟರಿನವರು ಒಂದೆರಡು ಸಲ ಸಿಕ್ಕಿಕೊಂಡು, ಎರಡು ಹೊರೆ ಇಳಿಸಿ, ಬೈದುಕೊಂಡು ಪಾಠ ಕಲಿತಿದ್ದರು. ಪಲ್ಲಕ್ಕಿ ಕಟ್ಟಿದವರಿಗೆ ನೆನಪಾಗಲಿಲ್ಲ. ರಾತ್ರಿ ಹನ್ನೊಂದರ ಹೊತ್ತಿಗೆ ತಮಟೆ, ನಾದಸ್ವರದೊಂದಿಗೆ ಮೆರವಣಿಗೆ ಗೇಟಿಗೆ ಬಂತು, ಗೋಪುರದ ಕಳಶ ಚೌಕಟ್ಟಿಗೆ ತಗುಲಿ ನಿಂತಿತು. ಮುಂದೆ ತಂಬಿಟ್ಟಿನ ದೀಪ ಹೊತ್ತ ಹೆಂಗಸರು ಆಗಲೇ ಹಳಿ ದಾಟಿ ಆ ಕಡೆ ನಿಂತಿದ್ದರು. ದೇವರು ಈ ಕಡೆ, ದೀಪ ಆ ಕಡೆ.

ಗೇಟಿನವರು ಒಳ್ಳೆಯ ಮನುಷ್ಯ. ಕೈಮುಗಿದು, “ದೇವರಿಗೆ ಅಡ್ಡ ಬರುತ್ತಿಲ್ಲ ಸ್ವಾಮಿ, ಗೋಪುರ ಮಾತ್ರ ಇಳಿಸಿ” ಎಂದರು. ಊರಿನ ಹಿರಿಯರೊಬ್ಬರು ಚೌಕಟ್ಟನ್ನೇ ಬಿಚ್ಚಿರಿ ಎಂದು ಹಟ ಹಿಡಿದರು. ಚೌಕಟ್ಟು ಬಿಚ್ಚಿದರೂ ಮೇಲೆ ತಂತಿ ಇದೆಯಲ್ಲ ತಾತ ಎಂದು ಡಿಪ್ಲೊಮಾ ಓದುವ ಹುಡುಗನೊಬ್ಬ ಹೇಳಿದ. ಅವನನ್ನು ನಾಲ್ಕು ಜನ ಗದರಿಸಿದರು, ಆಮೇಲೆ ಅವನೇ ಟ್ರಾಕ್ಟರ್ ಹತ್ತಿ ಗೋಪುರದ ಹಗ್ಗ ಬಿಚ್ಚಿದ. ಗೋಪುರವನ್ನು ಆರು ಜನ ಹೆಣ್ಣುಮಗುವಿನಂತೆ ಎತ್ತಿಕೊಂಡು ಹಳಿ ದಾಟಿಸಿದರು. ಮುಂದಿನ ವರ್ಷ ಚಿಂತಾಮಣಿಯ ಕೆಲಸದವರು ಗೋಪುರಕ್ಕೆ ಬಿಜಾಗರಿ ಇಟ್ಟುಕೊಂಡೇ ಬಂದರು. ಗೇಟಿನ ಬಳಿ ಅದು ಹಿಂದಕ್ಕೆ ಬಾಗುತ್ತದೆ, ದಾಟಿದ ಮೇಲೆ ಏಳುತ್ತದೆ. ಅದು ಬಾಗುವಾಗ ಈಗ ಜನ ಶಿಳ್ಳೆ ಹೊಡೆಯುತ್ತಾರೆ. ಪಲ್ಲಕ್ಕಿಗಿಂತ ಅದನ್ನು ನೋಡಲೆಂದೇ ಬರುವವರಿದ್ದಾರೆ.

ಮೊದಲ ವಿದ್ಯುತ್ ಇಂಜಿನ್ ಪರೀಕ್ಷೆಗೆ ಬಂದ ದಿನ ನಾನು ಸೊಪ್ಪು ಕೊಯ್ಯುತ್ತಿದ್ದೆ. ಡೀಸೆಲ್ ಗಾಡಿಯಾದರೆ ಎರಡು ಮೈಲಿ ಆಚೆಯಿಂದಲೇ ಗೊತ್ತಾಗುತ್ತಿತ್ತು. ಅಮ್ಮ ಸಂಜೆಯ ಗಾಡಿಯ ಸದ್ದಿಗೇ ಸೊಪ್ಪಿನ ಕೊನೆಯ ಹೊರೆ ಕಟ್ಟುತ್ತಿದ್ದಳು. ಇದು ಬಂದದ್ದೇ ತಿಳಿಯಲಿಲ್ಲ. ತಲೆಯೆತ್ತಿದಾಗ ಹಳಿಯ ಮೇಲೆ ಇತ್ತು, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹೋಗಿತ್ತು, ಗಾಳಿ ಮಾತ್ರ ಸೊಪ್ಪಿನ ಮೇಲೆ ಹಾದುಹೋಯಿತು. ಕುರಿ ಕಾಯುವ ಮುದುಕ ಅವತ್ತಿನಿಂದ ಹಳಿಯ ಬದಿಗೆ ಮಂದೆ ಬಿಡುವುದನ್ನು ನಿಲ್ಲಿಸಿದ. ಹೊಗೆ ಇಲ್ಲ ಎಂಬುದು ದೊಡ್ಡ ಲಾಭ, ಹುಳುಮನೆಯ ಕಿಟಕಿಯನ್ನು ಹಳಿಯ ಕಡೆಗೂ ತೆರೆದಿಡಬಹುದು. ನನ್ನ ಅಕ್ಕನ ಮಗ ದೇವನಹಳ್ಳಿ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿದ್ದಾನೆ. 2021ರಲ್ಲಿ ಅಲ್ಲೊಂದು ರೈಲು ನಿಲುಗಡೆ ಆದ ಮೇಲೆ, ಗಾಡಿಯ ಹೊತ್ತೂ ಪಾಳಿಯ ಹೊತ್ತೂ ಹೊಂದಿದ ದಿನ ಚಿಕ್ಕಬಳ್ಳಾಪುರದಿಂದ ರೈಲಿನಲ್ಲಿಯೇ ಹೋಗುತ್ತಾನೆ. ಹೊಂದದ ದಿನ ಬಸ್ಸು. ಗಾಡಿಗಳು ಇನ್ನೆರಡು ಜಾಸ್ತಿಯಾದರೆ ನಾನು ಹುಣಸೆಯ ಮಾತನ್ನೇ ಎತ್ತುವುದಿಲ್ಲ ಎಂದು ಅವನಿಗೆ ಹೇಳಿದ್ದೇನೆ.

ಮರ ಈಗ ಒಂದೇ ಕಡೆಗೆ ವಾಲಿದೆ. ಕಡಿದ ಜಾಗದಲ್ಲಿ ಒತ್ತೊತ್ತಾಗಿ ಚಿಗುರು ಬಂದಿದೆ. ಎಳೆಯ ಕೆಂಪು ಚಿಗುರು, ಬೇಳೆಗೆ ಹಾಕಿದರೆ ಬೇರೆ ಹುಳಿ ಬೇಡ. ಅಷ್ಟು ಕೆಳಗಿರುವುದರಿಂದ ಅದಕ್ಕೆ ದೋಟಿಯೂ ಬೇಡ. ಅಮ್ಮ ಶಿಡ್ಲಘಟ್ಟದ ಸಂತೆಗೆ ಎರಡು ಸಲ ಕಳಿಸಿದಳು.

ನಮ್ಮ ತೋಟದ ಎದುರಿನ ಕಂಬದಲ್ಲಿ ಗುಂಡುಗಳಿವೆ. ಚಪ್ಪಟೆ ಕಬ್ಬಿಣದ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ, ಗಾಲಿಯ ಮೇಲೆ ಹಾಯಿಸಿ, ತಂತಿಯ ಕೊನೆಗೆ ತೂಗುಬಿಟ್ಟಿದ್ದಾರೆ. ತಂತಿ ಜೋಲು ಬೀಳದಂತೆ ಯಾವಾಗಲೂ ಒಂದೇ ಬಿಗಿಯಲ್ಲಿ ಎಳೆದು ಹಿಡಿಯಲು. ಬಿಸಿಲಿಗೆ ತಂತಿ ಉದ್ದವಾದರೆ ಗುಂಡು ಕೆಳಕ್ಕೆ ಇಳಿಯುತ್ತದೆ, ಚಳಿಗೆ ಕುಗ್ಗಿದರೆ ಮೇಲೇರುತ್ತದೆ. ಇದನ್ನೂ ಅಮ್ಮನಿಗೆ ಮೇಸ್ತ್ರಿಯೇ ಹೇಳಿದ್ದು. ಹುಳುಮನೆಯಲ್ಲಿ ಇಲಾಖೆಯವರು ಕೊಟ್ಟ ತಾಪಮಾಪಕ ನೇತುಹಾಕಿದ್ದೇನೆ. ಅಮ್ಮ ಅದನ್ನು ಓದುವುದಿಲ್ಲ, ಕನ್ನಡಕ ಬೇಕು. ಮೊನ್ನೆ ಹುಳು ಮೂರನೆಯ ಜ್ವರದಲ್ಲಿತ್ತು. ಬೆಳಿಗ್ಗೆ ಹತ್ತು ಗಂಟೆಗೇ ಹಿತ್ತಿಲಿನಿಂದ ಕೂಗಿದಳು: “ಗುಂಡು ಆಗಲೇ ಒಂದು ಮೊಳ ಇಳಿದಿದೆ, ಗೋಣಿ ತಾಟು ನೆನೆಸಿ ಕಿಟಕಿಗೆ ಕಟ್ಟು.”

ಒಳಗೆ ಹೋಗಿ ತಾಪಮಾಪಕ ನೋಡಿದೆ. 31 ತೋರಿಸುತ್ತಿತ್ತು. ಗೋಣಿ ನೆನೆಸಲು ನೀರು ಬಿಡೋಣವೆಂದು ಹೋದರೆ ಕರೆಂಟು ಇರಲಿಲ್ಲ, ತೊಟ್ಟಿಯಿಂದ ಬಿಂದಿಗೆಯಲ್ಲಿ ಹೊತ್ತು ತಂದೆ.